ಕೃಪೆಯೂ ಕೃಪಾಂಕವೂ

ಪ್ರತಿವರ್ಷವೂ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದ ದಿನ ನನ್ನ ಕೊಠಡಿಗೆ ಬರುವ ತಾಯಿತಂದೆಗಳಲ್ಲಿ ಕೆಲವರು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದುಂಟು: “ಮೇಡಂ, ಕೃಪಾಂಕ ಕೊಟ್ಟಿದ್ದಾರೆಯೇ?” ಉತ್ತೀರ್ಣಳಾಗುವುದಕ್ಕೆ ಸ್ವಲ್ಪದರಲ್ಲಿ ಕಡಿಮೆಬಿದ್ದ ಹುಡುಗಿಗೆ ಪರೀಕ್ಷಾ ಮಂಡಲಿಯವರು ಸೇರಿಸಿ ಕೊಡುವ ಅಂಕಗಳಿಗೆ ಆ ಹೆಸರು. 2024ನೆಯ ಇಸವಿಯ ಪರೀಕ್ಷೆಯಲ್ಲಿ ಅದರ ಪ್ರಮಾಣವನ್ನು ಶೇಕಡ 10ರಿಂದ 20ಕ್ಕೆ ಏರಿಸಿದಾಗ ನಾಡಿನ ಮನೆಮನೆಯಲ್ಲಿಯೂ ಅದೇ ಮಾತಾಗಿದ್ದುದು ನಿಮಗೆ ನೆನಪಿರಬಹುದು.

ಈ ಕೃಪಾಂಕವೆಂಬ ಪದದ ಮೊದಲರ್ಧವಾದ ‘ಕೃಪೆ’ಯು ಕ್ರೈಸ್ತ ವಿಶ್ವಾಸದ ನಡುಗಂಬವಾದ ಪದವು. ಪ್ರತಿದಿನದ ಪ್ರಾರ್ಥನಾಕೂಟದಲ್ಲಿ ಅದನ್ನು ಕೇಳಿಯೇ ನಮ್ಮ ವಿದ್ಯಾರ್ಥಿನಿಯರು ಬೆಳೆದಿದ್ದಾರೆ. ಆದರೆ ಪರೀಕ್ಷಾ ಮಂಡಲಿಯ ಕೃಪೆಯೂ ದೇವರ ಕೃಪೆಯೂ ಒಂದೇ ಬಗೆಯವೆಂಬ ಭಾವನೆಯು ನಮಗೆ ತಿಳಿಯದಂತೆಯೇ ನಮ್ಮ ಮನಸ್ಸಿನಲ್ಲಿ ನೆಲಸಿಬಿಡುತ್ತದೆ. ನಾವು ಬಾಳೆಂಬ ಪರೀಕ್ಷೆಯನ್ನು ನಮ್ಮ ಶಕ್ತಿಯಿದ್ದಷ್ಟು ಬರೆಯುವೆವು. ಮೂವತ್ತು ಅಂಕಗಳನ್ನು ನಾವು ಗಳಿಸಿದರೆ ಉಳಿದ ಐದನ್ನು ದೇವರು ಸೇರಿಸಿ ದಾಟಿಸುವನು, ಎಂದು ಭಾವಿಸುತ್ತೇವೆ. ಈ ಭಾವನೆಯು ಎಷ್ಟು ಸಹಜವೋ ಅಷ್ಟೇ ತಪ್ಪು. ಅದು ಏಕೆ ತಪ್ಪೆಂಬುದನ್ನೂ, ಅದನ್ನು ತಿದ್ದಿಕೊಂಡವರ ಬಾಳು ಹೇಗೆ ಮಾರ್ಪಡುವುದೆಂಬುದನ್ನೂ ಈ ಸಂಚಿಕೆಯಲ್ಲಿ ನನಗೆ ತಿಳಿದಮಟ್ಟಿಗೆ ವಿವರಿಸಲು ಯತ್ನಿಸುತ್ತೇನೆ.

ಮೊದಲು ಪದವನ್ನೇ ನೋಡೋಣ. ಹೊಸ ಒಡಂಬಡಿಕೆಯು ಬರೆಯಲ್ಪಟ್ಟ ಗ್ರೀಕ್ ಭಾಷೆಯಲ್ಲಿ ಇದಕ್ಕೆ ‘ಖಾರಿಸ್’ ಎಂದು ಹೆಸರು. ನಮ್ಮ ಕನ್ನಡ ಸತ್ಯವೇದದಲ್ಲಿ ಅದು ‘ಕೃಪೆ’ಯಾಗಿದೆ, ರೋಮನ್ ಕಥೋಲಿಕ ಸಹೋದರ ಸಹೋದರಿಯರು ಅದನ್ನು ‘ವರಪ್ರಸಾದ’ವೆನ್ನುತ್ತಾರೆ. ಎರಡೂ ಒಳ್ಳೆಯ ಪದಗಳೇ. ಪ್ರಸಾದವನ್ನು ಯಾರೂ ಬೆಲೆಕೊಟ್ಟು ಕೊಂಡುಕೊಳ್ಳುವುದಿಲ್ಲ, ಕೈಯೊಡ್ಡಿ ತೆಗೆದುಕೊಳ್ಳುತ್ತಾರೆ. ಅರ್ಹತೆಯನ್ನು ನೋಡದೆ, ಪ್ರತಿಫಲವನ್ನು ಬಯಸದೆ, ನಾವು ಕೇಳುವುದಕ್ಕಿಂತ ಮುಂಚೆಯೇ ದೇವರು ತಾನಾಗಿ ನಮ್ಮ ಕಡೆಗೆ ತಿರುಗಿಸುವ ಪ್ರೀತಿಯೇ ಕೃಪೆ. ಅಪೊಸ್ತಲನಾದ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಇದನ್ನು ದೇವರ ವರವೆಂದು ಹೇಳಿ, ಯಾರೂ ಹೊಗಳಿಕೊಳ್ಳುವುದಕ್ಕೆ ಎಡೆಯಿಲ್ಲದಂತೆ ಅದು ನಮ್ಮ ಕ್ರಿಯೆಗಳಿಂದ ಉಂಟಾದುದಲ್ಲವೆಂದು ಸ್ಪಷ್ಟಪಡಿಸುತ್ತಾನೆ. ಅದರ ಮುಂದಿನ ಮಾತೇ ಸತ್ಕ್ರಿಯೆಗಳ ವಿಷಯ. ಈ ಅನುಕ್ರಮವನ್ನು ಗಮನಿಸಬೇಕು. ಸತ್ಕ್ರಿಯೆಯು ಕೃಪೆಗೆ ತೆತ್ತ ಬೆಲೆಯಲ್ಲ, ಕೃಪೆಯಿಂದ ಹುಟ್ಟಿದ ಫಲ.

ಯೇಸುಸ್ವಾಮಿಯು ಇದನ್ನೇ ಕಥೆಯಾಗಿ ಹೇಳಿದನು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿರುವ, ಆಸ್ತಿಯನ್ನೆಲ್ಲಾ ಹಾಳುಮಾಡಿ ಹಸಿದು ಹಿಂದಿರುಗಿದ ಕಿರಿಯ ಮಗನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಅದರಲ್ಲಿ ಸುಲಭವಾಗಿ ಕಣ್ತಪ್ಪಿಹೋಗುವ ಅಂಶವೊಂದಿದೆ. ಆ ಮಗನು ದಾರಿಗೆ ಹೊರಡುವ ಮುಂಚೆ ತಂದೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿಯೇ ಸಿದ್ಧಮಾಡಿಕೊಳ್ಳುತ್ತಾನೆ. ತನ್ನನ್ನು ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೊಳ್ಳಬೇಕೆಂದು ಬೇಡುವುದು ಅದರ ಕೊನೆಯ ಭಾಗ. ದುಡಿದು ಸಾಲ ತೀರಿಸುವೆನೆಂಬುದೇ ಅವನ ಯೋಚನೆ. ಆದರೆ ತಂದೆಯ ಎದುರಿಗೆ ನಿಂತಾಗ ಆ ಕೊನೆಯ ಮಾತು ಅವನ ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ತಂದೆಯು ಆಳುಗಳನ್ನು ಕರೆದು ಶ್ರೇಷ್ಠವಾದ ನಿಲುವಂಗಿಯನ್ನೂ ಉಂಗುರವನ್ನೂ ತರಹೇಳುತ್ತಾನೆ. ಮಗನು ಕೂಲಿಯ ಲೆಕ್ಕವನ್ನು ಹಾಕಿಕೊಂಡು ಬಂದನು. ತಂದೆಯಾದರೋ ಲೆಕ್ಕದ ಪುಸ್ತಕವನ್ನೇ ತೆರೆಯಲಿಲ್ಲ.

ಕಥೆಯನ್ನು ಕೇಳಿ ತಲೆದೂಗುವುದು ಸುಲಭ. ಬಾಳಿನಲ್ಲಿ ಅದನ್ನು ಒಪ್ಪಿಕೊಳ್ಳುವುದು ಕಷ್ಟ. ಓದಿದವರಿಗಂತೂ ಇನ್ನೂ ಕಷ್ಟ. ಇದಕ್ಕೆ ನಮ್ಮ ಕನ್ನಡ ನಾಡಿನ ಮಲೆಗಳಲ್ಲಿ ಹುಟ್ಟಿದ ಒಬ್ಬ ಮಹಾಸ್ತ್ರೀಯ ಜೀವನಕ್ಕಿಂತ ಒಳ್ಳೆಯ ನಿದರ್ಶನವು ನನಗೆ ತಿಳಿಯದು. ಪಂಡಿತಾ ರಮಾಬಾಯಿಯವರು 1858ನೆಯ ಇಸವಿಯ ಏಪ್ರಿಲ್ 23ರಂದು ಪಶ್ಚಿಮಘಟ್ಟದ ಗಂಗಾಮೂಲವೆಂಬ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಗಸರಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಆ ಕಾಲದ ಕಟ್ಟನ್ನು ಮೀರಿ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಕಲಿಸಿದರು. ಆ ತಾಯಿಯು ಮಗಳಿಗೆ ಕಲಿಸಿದರು. ಮಗುವಿಗೆ ಆರು ತಿಂಗಳಾದಾಗ ಅದನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಬೆಟ್ಟದಿಂದ ಇಳಿಸಿಕೊಂಡು ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಒಬ್ಬರ ಹಿಂದೊಬ್ಬರು ತೀರಿಹೋದರು. ಅಣ್ಣನೊಡನೆ ಕಾಲ್ನಡೆಯಾಗಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದ ಆ ಇಪ್ಪತ್ತು ವರ್ಷದ ಹುಡುಗಿಯ ಪಾಂಡಿತ್ಯವನ್ನು ಪರೀಕ್ಷಿಸಿ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ವಿವಾಹವಾಯಿತು, 1882ರಲ್ಲಿ ಎಳೆಯ ಮಗಳೊಂದಿಗೆ ವೈಧವ್ಯವು ಬಂದೊದಗಿತು.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಫುಲ್ಹಮ್ ಎಂಬಲ್ಲಿ, ದಾರಿತಪ್ಪಿದವರೆಂದು ಸಮಾಜವು ತಳ್ಳಿಬಿಟ್ಟ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಆದರದಿಂದ ನೋಡಿಕೊಳ್ಳುತ್ತಿದ್ದುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಇದರ ಕಾರಣವೇನೆಂದು ವಿಚಾರಿಸಲು, ಸಹೋದರಿಯೊಬ್ಬರು ಬಾವಿಯ ಬಳಿಯಲ್ಲಿ ಯೇಸುವು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಪ್ರಸಂಗವನ್ನು ಓದಿಹೇಳಿದರು. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ರಮಾಬಾಯಿಯವರು ತಮ್ಮ ಮಗಳೊಂದಿಗೆ ದೀಕ್ಷಾಸ್ನಾನವನ್ನು ಹೊಂದಿದರು.

ಸಾಮಾನ್ಯವಾಗಿ ನಾವು ಕಥೆಯನ್ನು ಇಲ್ಲಿಗೆ ನಿಲ್ಲಿಸಿಬಿಡುತ್ತೇವೆ. ರಮಾಬಾಯಿಯವರು ನಿಲ್ಲಿಸಲಿಲ್ಲ. 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷಿಯಲ್ಲಿ ಅವರು ನಿರ್ವಂಚನೆಯಿಂದ ಒಪ್ಪಿಕೊಳ್ಳುವುದೇನೆಂದರೆ, ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾದ ಮೇಲೆ ತಮಗೆ ಕ್ರೈಸ್ತಮತವು ದೊರೆತಿತ್ತೇ ಹೊರತು ಕ್ರಿಸ್ತನು ದೊರೆತಿರಲಿಲ್ಲವೆಂಬುದು ತಿಳಿದುಬಂದಿತು. ಮತದ ಬೋಧನೆಗಳನ್ನು ಅವರು ಬುದ್ಧಿಯಿಂದ ಅರಿತಿದ್ದರು. ಅಷ್ಟರಲ್ಲಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ಸ್ಥಾಪಿಸಿ ಹಗಲಿರುಳು ದುಡಿಯುತ್ತಲೂ ಇದ್ದರು. ವಿದ್ಯೆ, ತ್ಯಾಗ, ಸೇವೆ, ಇವು ಮೂರರಲ್ಲಿಯೂ ಅವರಿಗೆ ನೂರಕ್ಕೆ ನೂರು ಅಂಕ ಕೊಡಬಹುದಾಗಿತ್ತು. ಆದರೂ ಮನಸ್ಸಿಗೆ ಶಾಂತಿಯಿರಲಿಲ್ಲ. ತಾನು ಇನ್ನೇನನ್ನೋ ಮಾಡಿ ಅರ್ಹಳಾಗಬೇಕಾಗಿಲ್ಲ, ಇದ್ದಂತೆಯೇ ಅಂಗೀಕರಿಸಲ್ಪಟ್ಟಿದ್ದೇನೆ ಎಂಬುದನ್ನು ಅವರು ನಂಬಿದಾಗ ಮಾತ್ರ ಆ ಭಾರವು ಇಳಿಯಿತು. ಮಹಾಪಂಡಿತೆಯೊಬ್ಬರು ಏನೂ ಅರಿಯದ ಮಗುವಿನಂತೆ ಕೈಯೊಡ್ಡಿದರು.

ಮಾರ್ಪಾಡು ಕಾಣಿಸಿದ್ದು ಆಮೇಲಣ ಬಾಳಿನಲ್ಲಿ. 1896ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಕ್ಷಾಮವು ತಲೆದೋರಿದಾಗ ರಮಾಬಾಯಿಯವರು ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಬದುಕಿಸಿ ಕರೆತಂದರು. ಕ್ಷಾಮವು ಏನೆಂಬುದನ್ನು ಅವರು ತಮ್ಮ ಹೊಟ್ಟೆಯಿಂದಲೇ ಅರಿತಿದ್ದರಷ್ಟೆ. ಪುಣೆಗೆ ಸಮೀಪದ ಕೇಡ್‌ಗಾಂವ್‌ನ ಮುಕ್ತಿ ಸದನವು ಹೀಗೆ ಬೆಳೆಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 2000 ಮಂದಿಗೆ ಆಶ್ರಯ ದೊರೆತಿತ್ತು. ಒಳಗೆ ಬರುವವಳ ಜಾತಿಯನ್ನಾಗಲಿ ಗುಣವನ್ನಾಗಲಿ ಯಾರೂ ವಿಚಾರಿಸುತ್ತಿರಲಿಲ್ಲ, ಹಸಿವೆಯೊಂದೇ ಪ್ರವೇಶಪತ್ರ. ಆ ಆವರಣದಲ್ಲಿಯೇ, ಪತಿತೆಯರೆಂದು ಹೆಸರಾಗಿ ಎಲ್ಲಿಯೂ ಎಡೆಯಿಲ್ಲದ ಸ್ತ್ರೀಯರಿಗಾಗಿ ಅವರು ಬೇರೊಂದು ಮನೆಯನ್ನು ಕಟ್ಟಿಸಿದರು. ಅದಕ್ಕಿಟ್ಟ ಹೆಸರು ‘ಕೃಪಾ ಸದನ’. ಸರಸ್ವತಿಯೆಂದು ಬಿರುದು ಪಡೆದವರು, ಲೋಕವು ಮುಟ್ಟಲೊಲ್ಲದವರ ಮನೆಗೆ ಕೃಪೆಯೆಂದು ಹೆಸರಿಟ್ಟರು. ತಾವೂ ಬದುಕಿದ್ದು ಆ ಒಂದೇ ಕೃಪೆಯಿಂದಲೆಂದು ಅವರು ಬಲ್ಲವರಾಗಿದ್ದರು. ಇಳಿವಯಸ್ಸಿನಲ್ಲಿ ಅವರ ದೃಷ್ಟಿಯು ಹುಟ್ಟುನಾಡಿನ ಕಡೆಗೂ ತಿರುಗಿತು: ಕಲಬುರಗಿಯಲ್ಲಿ ಅವರ ಸಂಸ್ಥೆಯು ಶಾಲೆಯೊಂದನ್ನು ತೆರೆಯಿತು; ಮಗಳಾದ ಮನೋರಮಾಬಾಯಿಯವರು ಅದರ ಮುಖ್ಯಸ್ಥೆಯಾದರು. ಮನೋರಮಾಬಾಯಿಯವರು 1921ರಲ್ಲಿಯೂ, ರಮಾಬಾಯಿಯವರು 1922ರ ಏಪ್ರಿಲ್ 5ರಂದೂ ದೈವಾಧೀನರಾದರು.

ಇಲ್ಲಿ ಪೋಷಕರಲ್ಲಿ ಒಬ್ಬರಾದರೂ ಕೇಳತಕ್ಕ ಆಕ್ಷೇಪಣೆಯೊಂದಿದೆ. “ಎಲ್ಲವೂ ಉಚಿತವಾಗಿ ದೊರೆಯುವುದಾದರೆ ಶಿಸ್ತೇಕೆ? ತಪ್ಪು ಮಾಡಿದವಳನ್ನು ಹಾಗೆಯೇ ಅಂಗೀಕರಿಸಿದರೆ ಅವಳು ಕೆಡುವುದಿಲ್ಲವೇ?” ಈ ಪ್ರಶ್ನೆಯು ಪೌಲನ ಕಾಲದಲ್ಲಿಯೇ ಹುಟ್ಟಿತ್ತು, ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವು ಇದರಿಂದಲೇ ಆರಂಭವಾಗುತ್ತದೆ. ತೀತನಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿಯಾದರೋ, ಕೃಪೆಯೇ ನಮಗೆ ಬೋಧಿಸುತ್ತದೆಂಬ ಮಾತಿದೆ. ಅಲ್ಲಿ ಬಳಸಿರುವ ಗ್ರೀಕ್ ಪದವು ಮಗುವೆಂಬ ಪದದ ಮೂಲದಿಂದಲೇ ಬಂದಿದ್ದು, ಮಗುವನ್ನು ತಿದ್ದಿ ಬೆಳೆಸುವುದೆಂಬ ಅರ್ಥವುಳ್ಳದ್ದು. ಕೃಪೆಯು ಶಿಸ್ತಿಗೆ ಶತ್ರುವಲ್ಲ, ಕೃಪೆಯೇ ಉಪಾಧ್ಯಾಯಿನಿ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಾನು ಮಿಶನ್ ಶಾಲೆಯಲ್ಲಿ ಓದಿದವಳು. ವಾಕ್ಯಗಳನ್ನು ಬಾಯಿಪಾಠ ಮಾಡಿ ಬಹುಮಾನ ಪಡೆದವಳು. ಕೃಪೆಯೆಂದರೇನೆಂದು ಯಾರಾದರೂ ಕೇಳಿದ್ದರೆ ತಪ್ಪಿಲ್ಲದೆ ಬರೆಯಬಲ್ಲವಳಾಗಿದ್ದೆನು. ವೃತ್ತಿಗೆ ಸೇರಿದ ಎರಡನೆಯ ವರ್ಷ, ಬೇರೊಂದು ಶಾಲೆಯಲ್ಲಿ, ನನ್ನ ಅಜಾಗರೂಕತೆಯಿಂದ ಒಬ್ಬ ಹುಡುಗಿಯ ಪರೀಕ್ಷೆಯ ಅರ್ಜಿಯು ನನ್ನ ಮೇಜಿನ ಸೆಳೆಖಾನೆಯಲ್ಲಿಯೇ ಉಳಿದು ಗಡುವು ಮೀರಿಹೋಯಿತು. ಅವಳ ತಂದೆಯು ಕೋಪದಿಂದ ಬಂದಾಗ ನಾನು ಮುಖ್ಯೋಪಾಧ್ಯಾಯಿನಿಯವರ ಹಿಂದೆ ನಡುಗುತ್ತ ನಿಂತಿದ್ದೆನು. ಅವರು ನನ್ನ ಹೆಸರನ್ನೆತ್ತಲಿಲ್ಲ. “ತಪ್ಪು ಶಾಲೆಯದು, ಶಾಲೆಯೆಂದರೆ ನಾನು. ದಯವಿಟ್ಟು ಕ್ಷಮಿಸಬೇಕು” ಎಂದರು. ಕಚೇರಿಗೆ ತಾವೇ ಅಲೆದು, ದಂಡದ ಹಣವನ್ನು ತಮ್ಮ ಸಂಬಳದಿಂದ ಕಟ್ಟಿ, ಹುಡುಗಿಯು ಪರೀಕ್ಷೆಗೆ ಕೂರುವಂತೆ ಮಾಡಿದರು. ನನಗೆ ಬೈಗುಳವು ಇಂದು ಬಂದೀತು, ನಾಳೆ ಬಂದೀತು ಎಂದು ಕಾದೆನು, ಬರಲಿಲ್ಲ. ಒಂದು ವಾರದ ಮೇಲೆ ಅವರು ಕರೆದು, “ಮುಂದಿನ ವರ್ಷದಿಂದ ಪರೀಕ್ಷೆಯ ಕಡತವೆಲ್ಲವನ್ನೂ ನೀವೇ ನೋಡಿಕೊಳ್ಳಿ” ಎಂದರು. ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ಅರ್ಜಿಯನ್ನೂ ಎರಡು ಬಾರಿ ನೋಡದೆ ನಾನು ಕಳುಹಿಸಿಲ್ಲ. ದಂಡನೆಯ ಭಯವು ನನ್ನನ್ನು ಒಂದು ವರ್ಷ ಎಚ್ಚರದಲ್ಲಿಟ್ಟಿರಬಹುದಾಗಿತ್ತು. ಆ ನಂಬಿಕೆಯು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಎಚ್ಚರದಲ್ಲಿಟ್ಟಿದೆ.

ಇನ್ನೊಂದು ಮಾತು. ಕೃಪೆಯನ್ನು ಪಡೆದವರು ಅದನ್ನು ತಮ್ಮಲ್ಲಿಯೇ ಕೂಡಿಟ್ಟುಕೊಳ್ಳಲಾರರು. ನಮ್ಮ ಈ ಉತ್ತರ ಬೆಂಗಳೂರಿನ ಕೆರೆಗಳನ್ನು ನೋಡಿರಿ. ಯಲಹಂಕದ ಕೆರೆಯು ತುಂಬಿ ಕೋಡಿ ಹರಿದರೆ ಆ ನೀರು ಜಕ್ಕೂರಿನ ಕೆರೆಗೆ, ಅಲ್ಲಿಂದ ರಾಚೇನಹಳ್ಳಿಯ ಕೆರೆಗೆ ಇಳಿಯುತ್ತದೆ. ಮೇಲಣ ಕೆರೆಯು ಮಳೆಯನ್ನು ಸಂಪಾದಿಸಲಿಲ್ಲ. ಬಂದುದನ್ನು ತುಂಬಿಕೊಂಡು ಮಿಕ್ಕುದನ್ನು ಕೆಳಕ್ಕೆ ಬಿಟ್ಟಿತು. ಕಾಲುವೆಯು ಮುಚ್ಚಿಹೋದರೆ ಕೆಳಗಿನ ಕೆರೆಯು ಒಣಗುವುದಲ್ಲದೆ ಮೇಲಿನ ಕೆರೆಯ ಸುತ್ತಲಿನ ಮನೆಗಳಿಗೂ ನೀರು ನುಗ್ಗುವುದೆಂಬುದನ್ನು ಇತ್ತೀಚಿನ ಮಳೆಗಾಲಗಳಲ್ಲಿ ನಾವೇ ಕಂಡಿದ್ದೇವೆ. ಕ್ಷಮೆಯನ್ನು ಪಡೆದು ಕ್ಷಮಿಸಲೊಲ್ಲದ ಮನಸ್ಸಿನ ಗತಿಯೂ ಹೀಗೆಯೇ.

ನಮ್ಮ ಶಾಲೆಗೆ ನಾನಾ ಧರ್ಮಗಳ ಮನೆಗಳಿಂದ ಮಕ್ಕಳು ಬರುತ್ತಾರೆ. ಕೃಪೆಯನ್ನು ಯಾರ ಮೇಲೆಯೂ ಹೇರಲಾಗದು. ಹೇರಿದರೆ ಅದು ಕೃಪೆಯಾಗಿ ಉಳಿಯುವುದಿಲ್ಲ. ಆದರೆ ಎಲ್ಲಾ ತಾಯಿತಂದೆಗಳಲ್ಲಿಯೂ ನನ್ನದೊಂದು ಬಿನ್ನಹವುಂಟು. ಈ ಸಾರಿ ಫಲಿತಾಂಶವು ಬರುವ ದಿನ, ಅಂಕಪಟ್ಟಿಯನ್ನು ನೋಡುವುದಕ್ಕೆ ಮುಂಚೆ, ನಿಮ್ಮ ಮಗಳನ್ನು ಹತ್ತಿರಕ್ಕೆ ಕರೆದು ಅವಳು ನಿಮ್ಮ ಮಗಳೆಂಬುದು ಆ ಹಾಳೆಯಿಂದ ನಿಶ್ಚಯವಾಗತಕ್ಕದ್ದಲ್ಲವೆಂದು ಹೇಳಿರಿ. ಫಲಿತಾಂಶವು ಬಂದ ಮೇಲೆ ಹೇಳಿದರೆ ಗೆದ್ದವಳಿಗೆ ಅದು ಬಹುಮಾನವಾಗಿಯೂ ಸೋತವಳಿಗೆ ಸಮಾಧಾನದ ಮಾತಾಗಿಯೂ ಕೇಳಿಸೀತು. ಮುಂಚೆಯೇ ಹೇಳಿದರೆ ಅದು ಕೃಪೆ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಈ ಶಾಲೆಯಲ್ಲಿ ಬಹುಮಾನಗಳನ್ನು ಗಳಿಸಿದಿರಿ. ಕೆಲವರು ಏನನ್ನೂ ಗಳಿಸಲಿಲ್ಲವೆಂಬ ನೋವಿನಿಂದ ಹೊರಟಿರಿ. ಬಾಗಿಲು ಇಬ್ಬರಿಗೂ ಸಮನಾಗಿ ತೆರೆದಿದೆ. ಕೃಪಾಂಕವು ಕಡಿಮೆಬಿದ್ದವರಿಗೆ ಮಾತ್ರ. ದೇವರ ಕೃಪೆಯು ಎಲ್ಲರಿಗೂ ಬೇಕು, ಮೊದಲ ಸ್ಥಾನದಲ್ಲಿ ನಿಂತವಳಿಗೂ ಬೇಕು. ಆ ಕೃಪೆಯು ನಿಮ್ಮೆಲ್ಲರ ಮನೆಗಳಲ್ಲಿಯೂ ನೆಲಸಿರಲೆಂದು ಪ್ರಾರ್ಥಿಸುತ್ತೇನೆ.

— ಮುಖ್ಯೋಪಾಧ್ಯಾಯಿನಿ