ನರ್ಸಿಂಗ್ ವೃತ್ತಿಗೆ ಬದಲಾವಣೆ: ಸಂಬಳದ ಲೆಕ್ಕ, ಮಗುವಿನ ಲೆಕ್ಕ

ವ್ಯಾಪಾರ ಸಂಸ್ಥೆಗಳಲ್ಲಿಯೂ ಸಣ್ಣ ಕಾರ್ಖಾನೆಗಳಲ್ಲಿಯೂ ಲೆಕ್ಕಪತ್ರ, ಬಿಲ್ಲಿಂಗ್, ಉಗ್ರಾಣ ಮೊದಲಾದ ವಿಭಾಗಗಳಲ್ಲಿ ದುಡಿಯುತ್ತಿರುವ ಮಹಿಳೆಯರಲ್ಲಿ ಕೆಲವರು ಮೂವತ್ತರ ಆಸುಪಾಸಿನಲ್ಲಿ ನರ್ಸಿಂಗ್ ಶಿಕ್ಷಣದ ಕಡೆಗೆ ಮನಸ್ಸು ಮಾಡುವುದುಂಟು. ಮನೆಯ ಹಿರಿಯರೊಬ್ಬರ ದೀರ್ಘ ಕಾಯಿಲೆಯಲ್ಲಿ ಆರೈಕೆ ಮಾಡಿದ ಅನುಭವ, 2020-21ರ ಕೋವಿಡ್ ದಿನಗಳಲ್ಲಿ ದಾದಿಯರ ಸೇವೆಯನ್ನು ಹತ್ತಿರದಿಂದ ಕಂಡದ್ದು, ಆಸ್ಪತ್ರೆಯ ಕೆಲಸಕ್ಕೆ ಎಂದೂ ಬರಗಾಲವಿಲ್ಲವೆಂಬ ನಂಬಿಕೆ, ಇವೆಲ್ಲವೂ ಇದಕ್ಕೆ ಕಾರಣವಾಗಿವೆ. ಮಾಲೀಕರ ಮೇಜಿಗೆ ಈ ವಿಷಯ ಬರುವುದು ರಾಜೀನಾಮೆ ಪತ್ರದ ರೂಪದಲ್ಲಿ ಮಾತ್ರ. ಆದರೆ ಇದೇ ಪ್ರಶ್ನೆ ಸ್ವಂತ ಮನೆಯ ಸೊಸೆಯದೋ ಮಗಳದೋ ಆದಾಗ ವರ್ತಕ ಕುಟುಂಬವೇ ಕುಳಿತು ಲೆಕ್ಕ ಹಾಕಬೇಕಾಗುತ್ತದೆ. ಅಂತಹ ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡು ಸಂಬಳಗಳನ್ನು ಪಕ್ಕಪಕ್ಕ ಇಟ್ಟು ನೋಡಲಾಗುತ್ತದೆ. ಮಗುವನ್ನು ನೋಡಿಕೊಳ್ಳುವ ಗಂಟೆಗಳಿಗೆ ಬೆಲೆ ಕಟ್ಟುವುದಿಲ್ಲ. ತಪ್ಪುವುದು ಅಲ್ಲಿಯೇ.

ಪ್ರವೇಶ ಮತ್ತು ವಯಸ್ಸು

ವಾಣಿಜ್ಯ ಪದವೀಧರೆಗೆ ಬಿ.ಎಸ್ಸಿ. ನರ್ಸಿಂಗ್‌ನ ಬಾಗಿಲು ತೆರೆಯುವುದು ಕಷ್ಟ. ನಾಲ್ಕು ವರ್ಷದ ಆ ಪದವಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾಕ್ಕೆ ಈ ನಿರ್ಬಂಧವಿಲ್ಲ. ಇಂಗ್ಲಿಷನ್ನು ಒಂದು ವಿಷಯವಾಗಿ ಓದಿ, ಕನಿಷ್ಠ ಶೇ. 40 ಅಂಕಗಳೊಡನೆ ಪಿಯುಸಿ ತೇರ್ಗಡೆಯಾದ ಯಾವ ವಿಭಾಗದವರೂ ಅರ್ಜಿ ಸಲ್ಲಿಸಬಹುದು. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಗರಿಷ್ಠ ವಯಸ್ಸು 35 ವರ್ಷ. ಡಿಪ್ಲೊಮಾದ ನಂತರ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಪಡೆದು ವೃತ್ತಿ ಆರಂಭಿಸಬಹುದು. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿ ಗಳಿಸುವ ದಾರಿಯೂ ಇದೆ. ಇದು ಪೂರ್ಣಾವಧಿ ಶಿಕ್ಷಣ. ಹಗಲು ಕಚೇರಿ, ಸಂಜೆ ತರಗತಿ ಎಂಬ ಏರ್ಪಾಡು ಇಲ್ಲಿ ನಡೆಯುವುದಿಲ್ಲ.

ವಯಸ್ಸಿನ ಪ್ರಶ್ನೆ ಪ್ರವೇಶಕ್ಕೇ ಮುಗಿಯುವುದಿಲ್ಲ. ಈ ವೃತ್ತಿಯಲ್ಲಿ ಒಳ್ಳೆಯ ಸಂಬಳವೆಂದು ಎಲ್ಲರೂ ಬೊಟ್ಟು ಮಾಡುವುದು ಕೇಂದ್ರ ಸರ್ಕಾರದ ನರ್ಸಿಂಗ್ ಅಧಿಕಾರಿ ಹುದ್ದೆಯ ಕಡೆಗೆ. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಅದರ ಆರಂಭಿಕ ಮೂಲವೇತನ ರೂ. 44,900, ಭತ್ಯೆಗಳು ಪ್ರತ್ಯೇಕ. ಆದರೆ ಏಮ್ಸ್ ಸಂಸ್ಥೆಗಳು ಈ ನೇಮಕಕ್ಕಾಗಿ ನಡೆಸುವ ನಾರ್ಸೆಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರ ಗರಿಷ್ಠ ವಯಸ್ಸು 30 ವರ್ಷ. ಡಿಪ್ಲೊಮಾ ಪಡೆದವರಿಗಾದರೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವೂ ಬೇಕು. ಮೂವತ್ತೊಂದನೆಯ ವಯಸ್ಸಿನಲ್ಲಿ ತರಗತಿಗೆ ಸೇರುವವರಿಗೆ, ಮೀಸಲಾತಿಯ ವಯೋಸಡಿಲಿಕೆ ಇಲ್ಲದಿದ್ದರೆ, ಈ ಬಾಗಿಲು ಸೇರುವ ದಿನವೇ ಮುಚ್ಚಿರುತ್ತದೆ. ಕಾಲೇಜಿನ ಪ್ರಚಾರಪತ್ರದಲ್ಲಿ ರೂ. 44,900 ಕಾಣುತ್ತದೆ, 30 ವರ್ಷ ಕಾಣುವುದಿಲ್ಲ. ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ವಯೋಮಿತಿಯನ್ನು ಆಯಾ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳತಕ್ಕದ್ದು.

ಖಾಸಗಿ ಆಸ್ಪತ್ರೆಗಳ ವೇತನದ ಬಗ್ಗೆ ಒಂದು ಮಾನದಂಡ ಲಭ್ಯವಿದೆ. 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳುಳ್ಳ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸ್‌ಗಳಿಗೆ ಸಮನಾದ ವೇತನ ನೀಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ತಿಂಗಳಿಗೆ ರೂ. 20,000ಕ್ಕೆ ಕಡಿಮೆಯಾಗಬಾರದೆಂದೂ ಶಿಫಾರಸು ಮಾಡಿತು. ಶಿಫಾರಸು ಬೇರೆ, ಬಟವಾಡೆ ಬೇರೆ. ಸೇರಲಿರುವ ಊರಿನ ಎರಡು ಮೂರು ಆಸ್ಪತ್ರೆಗಳಲ್ಲಿ ಹೊಸ ಜಿಎನ್‌ಎಂ ನರ್ಸ್‌ನ ಕೈಗೆ ಎಷ್ಟು ಬರುತ್ತಿದೆಯೆಂದು ವಿಚಾರಿಸದೆ ಯಾವ ಲೆಕ್ಕವನ್ನೂ ಆರಂಭಿಸಬಾರದು.

ಒಂದು ಕುಟುಂಬದ ಲೆಕ್ಕ

ವಿವರಣೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿರುವ ಘಟಕವೊಂದರ ಲೆಕ್ಕಪತ್ರ ಸಹಾಯಕಿ, ವಯಸ್ಸು 31, ಬಿ.ಕಾಂ. ಪದವೀಧರೆ. ಸಂಬಳ ರೂ. 20,000, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ರೂ. 15,000. ಪತಿಯದು ಮೋಟಾರು ಬಿಡಿಭಾಗಗಳ ಸಣ್ಣ ಅಂಗಡಿ. ಮಗುವಿಗೆ ಮೂರು ವರ್ಷ. ಅತ್ತೆಯವರಿಗೆ 67, ಮೊಣಕಾಲು ನೋವು. ಅಂಗಡಿಯ ಆದಾಯ ಏರಿಳಿಯುವುದರಿಂದ ಗೃಹಸಾಲದ ಕಂತು ಕಟ್ಟುವುದು ಆಕೆಯ ಸಂಬಳದಿಂದಲೇ.

ವರ್ಷಕ್ಕೆ ಶೇ. 5ರ ಬಡ್ತಿ ಎಂದು ಹಿಡಿದರೆ, ಓದಿನ ಮೂರು ವರ್ಷಗಳಲ್ಲಿ ಆಕೆ ಬಿಟ್ಟುಕೊಡುವ ಸಂಬಳ ರೂ. 7,56,600. ಮಾಲೀಕರ ಭವಿಷ್ಯನಿಧಿ ವಂತಿಗೆ ತಿಂಗಳಿಗೆ ರೂ. 1,800ರಂತೆ ರೂ. 64,800. ಶುಲ್ಕ, ಸಮವಸ್ತ್ರ, ಪುಸ್ತಕ, ಪರೀಕ್ಷೆ ಎಲ್ಲ ಸೇರಿ ವರ್ಷಕ್ಕೆ ರೂ. 80,000 ಎಂದು ಇಟ್ಟುಕೊಂಡರೆ ರೂ. 2,40,000. ಮಗುವಿನ ಪಾಲನೆಗೆ ಈಗಿನದಕ್ಕಿಂತ ಹೆಚ್ಚುವರಿಯಾಗಿ ತಿಂಗಳಿಗೆ ರೂ. 5,000ರಂತೆ ರೂ. 1,80,000. ಒಟ್ಟು ರೂ. 12,41,400. ಇದೇ ಈ ಬದಲಾವಣೆಯ ನಿಜವಾದ ಬಂಡವಾಳ. ಮನೆಯವರ ಬಾಯಲ್ಲಿ ಇದು 'ಎರಡೂವರೆ ಲಕ್ಷದ ಕೋರ್ಸ್' ಎಂದಿರುತ್ತದೆ!

ಇನ್ನು ಮರಳಿಕೆ. ಹಳೆಯ ಕೆಲಸದಲ್ಲಿಯೇ ಮುಂದುವರಿದಿದ್ದರೆ ನಾಲ್ಕನೆಯ ವರ್ಷ ಆಕೆಯ ಸಂಬಳ ಸುಮಾರು ರೂ. 23,150 ಆಗುತ್ತಿತ್ತು. ಸಣ್ಣ ನರ್ಸಿಂಗ್ ಹೋಮಿನಲ್ಲಿ ರೂ. 20,000ಕ್ಕೆ ಸೇರಿದರೆ ಬಂಡವಾಳ ಮರಳುವ ಮಾತೇ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ರೂ. 30,000 ಸಿಕ್ಕಿತೆನ್ನೋಣ. ವ್ಯತ್ಯಾಸ ರೂ. 6,850. ಪಾಳಿ ಕೆಲಸದಿಂದಾಗಿ ಮಗುವಿನ ಪಾಲನೆಗೆ ರೂ. 3,000 ಹೆಚ್ಚುವರಿ ತಗಲಿದರೆ ಉಳಿಯುವುದು ರೂ. 3,850. ಬಡ್ಡಿಯನ್ನು ಬದಿಗಿಟ್ಟು, ಮುಂದಿನ ಬಡ್ತಿಗಳು ಎರಡೂ ಕಡೆ ಸಮವೆಂದು ಭಾವಿಸಿದರೂ, ಹೂಡಿದ ಹಣ ಮರಳಲು ಸುಮಾರು 27 ವರ್ಷ. ಆ ವೇಳೆಗೆ ಆಕೆಗೆ 61 ತುಂಬಿರುತ್ತದೆ. ಸರ್ಕಾರಿ ಹುದ್ದೆ ದೊರೆತು ಪಾಲನೆಯ ಖರ್ಚು ಕಳೆದು ತಿಂಗಳಿಗೆ ರೂ. 22,000 ಹೆಚ್ಚಾದರೆ ಐದು ವರ್ಷದೊಳಗೆ ಎಲ್ಲವೂ ಮರಳುತ್ತದೆ. ಆದರೆ ಅದು ಸ್ಪರ್ಧಾ ಪರೀಕ್ಷೆಯ ಫಲ. ಅದನ್ನು ಲೆಕ್ಕದ ಆಧಾರವಾಗಿ ಹಿಡಿಯುವುದು ವಿವೇಕವಲ್ಲ.

ಈಗ ಅದೇ ಲೆಕ್ಕದಲ್ಲಿ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಮಗುವಿನ ಹೆಚ್ಚುವರಿ ಪಾಲನೆ ಖರ್ಚಿಲ್ಲದೆ ನಡೆಯುವುದಾದರೆ ಬಂಡವಾಳ ರೂ. 10,61,400ಕ್ಕೆ ಇಳಿಯುತ್ತದೆ, ತಿಂಗಳ ಉಳಿತಾಯ ರೂ. 6,850ಕ್ಕೆ ಏರುತ್ತದೆ. ಅವಧಿ ಸುಮಾರು 13 ವರ್ಷ. ಸಂಬಳದಲ್ಲಿ ಒಂದು ರೂಪಾಯಿಯೂ ಹೆಚ್ಚಾಗದೆ ಅವಧಿ ಅರ್ಧಕ್ಕೂ ಕಡಿಮೆಯಾಯಿತು. ಹಾಗೆಂದು ಅತ್ತೆಯವರ ದುಡಿಮೆಯನ್ನು ಸೊನ್ನೆ ಎಂದು ಬರೆಯುವುದು ಲೆಕ್ಕಿಗನ ಅನುಕೂಲವೇ ಹೊರತು ವಾಸ್ತವವಲ್ಲ. ಮೊಣಕಾಲು ನೋವಿನ 67ರ ಹೆಂಗಸು ಮೂರು ವರ್ಷದ ಮಗುವಿನ ಹಿಂದೆ ಇನ್ನೆಷ್ಟು ದಿನ ಓಡಾಡಬಲ್ಲರು ಎಂಬುದು ಈ ಯೋಜನೆಯ ಅತ್ಯಂತ ದುರ್ಬಲ ಕೊಂಡಿ. ಅವರು ಹಾಸಿಗೆ ಹಿಡಿದರೆ ಪಾಲನೆಯ ಖರ್ಚು ಒಂದಲ್ಲ, ಎರಡಾಗುತ್ತದೆ.

ಪಾಳಿಯ ಗಂಟೆಗಳು

ಕರ್ನಾಟಕದ ಹಲವು ಆಸ್ಪತ್ರೆಗಳಲ್ಲಿ ಬೆಳಗಿನ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಗಿನ 8 ಎಂಬಂತೆ ಮೂರು ಪಾಳಿಗಳಿರುತ್ತವೆ. ಕುಟುಂಬದವರು ಹೆದರುವುದು ರಾತ್ರಿ ಪಾಳಿಗೆ. ಆದರೆ ಪಾಲನೆಯ ದೃಷ್ಟಿಯಿಂದ ವರ್ತಕ ಕುಟುಂಬಕ್ಕೆ ಹೆಚ್ಚು ತುಟ್ಟಿಯಾಗುವುದು ಎರಡನೆಯ ಪಾಳಿ. ರಾತ್ರಿ ಎಂಟೂವರೆಗೆ ಅಂಗಡಿಯ ಬಾಗಿಲು ಹಾಕಿ ಬಂದ ತಂದೆ ಮಗುವಿನ ಬಳಿ ಮಲಗಬಲ್ಲ. ನಡುವಿನ ಒಂದು ಗಂಟೆಯನ್ನು ಹಿರಿಯರು ತೂಗಿಸಬಲ್ಲರು. ಬೆಳಗಿನ ಪಾಳಿಯನ್ನು ಶಾಲೆ ಹೆಚ್ಚುಕಡಿಮೆ ತೂಗಿಸುತ್ತದೆ. ಮಧ್ಯಾಹ್ನದ ಪಾಳಿಯಲ್ಲಿ ಮಾತ್ರ ಶಾಲೆ ಬಿಟ್ಟಿರುತ್ತದೆ, ತಾಯಿ ವಾರ್ಡಿನಲ್ಲಿರುತ್ತಾಳೆ, ತಂದೆಗೆ ಗಿರಾಕಿಗಳ ಭರಾಟೆಯ ಹೊತ್ತು. ಅಂಗನವಾಡಿಯೂ, 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ಆರಂಭವಾದ 'ಕೂಸಿನ ಮನೆ'ಗಳೂ ಹಗಲಿನ ವ್ಯವಸ್ಥೆಗಳು. ಸಂಜೆಯ ಈ ನಾಲ್ಕು ಗಂಟೆಗಳಿಗೆ ಅವು ಒದಗುವುದಿಲ್ಲ. ಆದಕಾರಣ ಕೆಲಸಕ್ಕೆ ಸೇರುವಾಗ ಸಂಬಳದಷ್ಟೇ ಮುಖ್ಯವಾಗಿ ಕೇಳತಕ್ಕ ಪ್ರಶ್ನೆ, ತಿಂಗಳಿಗೆ ಎಷ್ಟು ದಿನ ಎರಡನೆಯ ಪಾಳಿ ಬೀಳುತ್ತದೆ ಎಂಬುದು.

ಎರಡನೆಯ ಮಗುವಿನ ಆಲೋಚನೆ ಇದ್ದವರು ಇನ್ನೊಂದನ್ನು ಗಮನಿಸಬೇಕು. 26 ವಾರಗಳ ಹೆರಿಗೆ ಸೌಲಭ್ಯಕ್ಕೆ, ಹೆರಿಗೆಯ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಸಂಸ್ಥೆಯಲ್ಲಿ ದುಡಿದಿರಬೇಕು. ವಿದ್ಯಾರ್ಥಿನಿಗೆ ಈ ಸೌಲಭ್ಯವಿಲ್ಲ.

ಬಿಡುವ ಮುನ್ನ

ಮೇಲಿನ ಉದಾಹರಣೆಯ ಸಹಾಯಕಿಗೆ ಸೇವೆ ನಾಲ್ಕು ವರ್ಷ ನಾಲ್ಕು ತಿಂಗಳಾಗಿದೆ ಎಂದಿಟ್ಟುಕೊಳ್ಳೋಣ. ಕಾಯಂ ನೌಕರರಿಗೆ ಉಪದಾನ, ಅಂದರೆ ಗ್ರಾಚ್ಯುಯಿಟಿ, ಐದು ವರ್ಷ ತುಂಬಿದ ಮೇಲೆ. ಎಂಟು ತಿಂಗಳು ಕಾದರೆ ರೂ. 15,000ರ ಮೇಲೆ 15/26ರ ಲೆಕ್ಕದಲ್ಲಿ ಐದು ವರ್ಷಕ್ಕೆ ರೂ. 43,269 ಕೈಗೆ ಬರುತ್ತದೆ. ಅರ್ಧ ವರ್ಷದ ಶುಲ್ಕಕ್ಕಿಂತ ಹೆಚ್ಚು. ಭವಿಷ್ಯನಿಧಿಯನ್ನು ಹಿಂತೆಗೆಯದೆ ಹಾಗೆಯೇ ಬಿಟ್ಟು, ಮುಂದೆ ಆಸ್ಪತ್ರೆಯ ಖಾತೆಗೆ ವರ್ಗಾಯಿಸಿಕೊಳ್ಳುವುದು ಒಳ್ಳೆಯದು. ಪಿಂಚಣಿಗೆ ಬೇಕಾದ 10 ವರ್ಷದ ಸೇವೆಗೆ ಹಳೆಯ ವರ್ಷಗಳೂ ಸೇರುತ್ತವೆ. ರೂ. 21,000ದವರೆಗಿನ ಸಂಬಳಕ್ಕೆ ದೊರೆಯುವ ಇಎಸ್‌ಐ ಚಿಕಿತ್ಸೆ ಕೆಲಸ ಬಿಟ್ಟ ಕೆಲವು ತಿಂಗಳಲ್ಲಿ ನಿಲ್ಲುವುದರಿಂದ, ಅಂಗಡಿಯ ಆದಾಯವನ್ನೇ ನಂಬಿದ ಮನೆಗೆ ಆರೋಗ್ಯ ವಿಮೆಯ ಕಂತು ಹೊಸ ಖರ್ಚಾಗಿ ಸೇರುತ್ತದೆ.

ತೆರಿಗೆಯಿಂದ ಹೆಚ್ಚಿನ ನೆರವು ನಿರೀಕ್ಷಿಸುವಂತಿಲ್ಲ. ಬೋಧನಾ ಶುಲ್ಕದ ಕಡಿತ ಮಕ್ಕಳ ಓದಿಗೆ ಮಾತ್ರ, ಪತ್ನಿಯ ಓದಿಗೆ ಅಲ್ಲ. ಶಿಕ್ಷಣ ಸಾಲದ ಬಡ್ಡಿಯ ಕಡಿತ ಪತ್ನಿಗಾಗಿ ಪಡೆದ ಸಾಲಕ್ಕೂ ಅನ್ವಯಿಸುತ್ತದೆಯಾದರೂ ಹೊಸ ತೆರಿಗೆ ಪದ್ಧತಿಯಲ್ಲಿ ಅದು ಇಲ್ಲ. ಒಂದು ಸಣ್ಣ ಸಮಾಧಾನವೆಂದರೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿನಿಗೆ ದಾರಿಖರ್ಚು ಉಳಿಯುತ್ತದೆ.

ಆಸ್ಪತ್ರೆಯ ವಾತಾವರಣವೇ ಬೇಕು, ಆದರೆ ಲೆಕ್ಕ ಹೊಂದುತ್ತಿಲ್ಲ ಎನ್ನುವ ವಾಣಿಜ್ಯ ಪದವೀಧರೆಗೆ ಬಿಲ್ಲಿಂಗ್, ವಿಮಾ ಕ್ಲೇಮು, ಔಷಧ ಉಗ್ರಾಣ, ವೈದ್ಯಕೀಯ ದಾಖಲೆ ವಿಭಾಗಗಳಿವೆ. ಮೂರು ವರ್ಷದ ಖಾಲಿ ಅವಧಿ ಅಲ್ಲಿಲ್ಲ. ಕೆಲಸವೂ ಬಹುತೇಕ ಹಗಲಿನದು. ರೋಗಿಯ ಪಕ್ಕದಲ್ಲಿ ನಿಲ್ಲಬೇಕೆಂಬ ಹಂಬಲವೇ ಮೂಲವಾಗಿದ್ದರೆ ಇದು ಅದಕ್ಕೆ ಬದಲಾಗುವುದಿಲ್ಲ ಎಂಬುದೂ ನಿಜ. ಅಂಥವರು 27 ವರ್ಷದ ಲೆಕ್ಕವನ್ನು ನೋಡಿಯೂ ಹೊರಟರೆ ಅದನ್ನು ನಷ್ಟವೆನ್ನಲು ಯಾವ ಖಾತೆಪುಸ್ತಕಕ್ಕೂ ಅಧಿಕಾರವಿಲ್ಲ; ಗೃಹಸಾಲದ ಕಂತಿಗೆ ಮೂರು ವರ್ಷದ ದಾರಿ ಮೊದಲೇ ಕಂಡುಕೊಂಡಿರಬೇಕು, ಅಷ್ಟೆ.

ಮಾಲೀಕರ ಕಡೆಯಿಂದ

ಹೊರಡುವವರೆಲ್ಲ ನರ್ಸಿಂಗ್‌ನ ಮೇಲಿನ ಒಲವಿನಿಂದಲೇ ಹೊರಡುವುದಿಲ್ಲ. ಮಗುವನ್ನು ಬಿಟ್ಟು ಬರಲು ಜಾಗವಿಲ್ಲದೆ ಹೇಗೂ ಕೆಲಸ ಬಿಡಬೇಕಾದಾಗ, ಬಿಟ್ಟ ಮೇಲೆ ಏನಾದರೂ ಓದೋಣವೆಂದು ಹೊರಡುವವರೂ ಇದ್ದಾರೆ. ಇಂಥವರನ್ನು ಉಳಿಸಿಕೊಳ್ಳುವುದು ಮಾಲೀಕರ ಕೈಯಲ್ಲಿಯೇ ಇದೆ. ಯಾವ ಸರಬರಾಜುದಾರನ ಬಿಲ್ಲು ಜಿಎಸ್‌ಟಿಆರ್-2ಬಿಯಲ್ಲಿ ತಡವಾಗಿ ಕಾಣಿಸಿಕೊಳ್ಳುತ್ತದೆಂದು ಬಲ್ಲ ಸಹಾಯಕಿ ಹೋದ ತಿಂಗಳು ರಿಟರ್ನ್ ತಡವಾದರೆ ದಿನಕ್ಕೆ ರೂ. 50 ವಿಳಂಬ ಶುಲ್ಕ, ಬಾಕಿ ತೆರಿಗೆಗೆ ಶೇ. 18 ಬಡ್ಡಿ.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರವನ್ನು ಒದಗಿಸಬೇಕು. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಹೋಗಿಬರಲು ಅವಕಾಶ ಕೊಡಬೇಕು. 2017ರ ತಿದ್ದುಪಡಿಯಿಂದಲೂ ಇದ್ದ ಹೊಣೆಯೇ ಇದು. 50 ಎಂಬುದು ಒಟ್ಟು ನೌಕರರ ಸಂಖ್ಯೆ, ಮಹಿಳೆಯರದಲ್ಲ. ಆಸ್ಪತ್ರೆಗಳಿಗೂ ಇದು ಅನ್ವಯಿಸುವುದರಿಂದ, ಹೊಸ ನರ್ಸ್ ಸಂದರ್ಶನದಲ್ಲಿಯೇ ಕೇಂದ್ರವಿದೆಯೇ, ರಾತ್ರಿ ಎಂಟರವರೆಗೆ ತೆರೆದಿರುತ್ತದೆಯೇ ಎಂದು ಕೇಳಬಹುದು.

ಹಲವು ಸಂಸ್ಥೆಗಳು ಕೂಡಿ ಸಾಮಾನ್ಯ ಕೇಂದ್ರ ನಡೆಸಲು ಸಂಹಿತೆಯು ಸ್ಪಷ್ಟವಾಗಿ ಅವಕಾಶ ಕೊಟ್ಟಿದೆ. ಕಾನೂನಿನ ಕಟ್ಟುಪಾಡಿಲ್ಲದ ಸಣ್ಣ ಘಟಕಗಳೂ ಇದೇ ಮಾದರಿಯನ್ನು ಸ್ವಇಚ್ಛೆಯಿಂದ ಅನುಸರಿಸಬಹುದು. ಒಂದೇ ವಸಾಹತಿನ ಎಂಟು ಸಣ್ಣ ಘಟಕಗಳು ಸೇರಿ 18 ಮಕ್ಕಳ ಕೇಂದ್ರ ನಡೆಸುತ್ತವೆ ಎನ್ನೋಣ. ಇಬ್ಬರು ಆಯಾಗಳಿಗೆ, ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ನೋಡಿಕೊಂಡು, ತಲಾ ರೂ. 18,000; ಬಾಡಿಗೆ ರೂ. 9,000, ಹಾಲು, ಉಪಾಹಾರ ಮತ್ತಿತರೆ ರೂ. 9,000. ಒಟ್ಟು ರೂ. 54,000. ತಾಯಂದಿರು ಮಗುವಿಗೆ ರೂ. 1,000ದಂತೆ ಕೊಟ್ಟರೆ ರೂ. 18,000 ಕಳೆದು, ಪ್ರತಿ ಘಟಕದ ಪಾಲಿಗೆ ಬರುವುದು ತಿಂಗಳಿಗೆ ರೂ. 4,500. ಶೆಡ್ಡಿನ ಜಾಗ, ಆಯಾಗಳ ನೇಮಕ, ಖಾತೆಯ ನಿರ್ವಹಣೆ ಯಾರದೆಂಬುದನ್ನು ಮೊದಲೇ ಬರವಣಿಗೆಯಲ್ಲಿ ಒಪ್ಪಿಕೊಂಡಿರತಕ್ಕದ್ದು. ಪಾಲುದಾರರು ಹೆಚ್ಚಾಗಿರುವಲ್ಲಿ ಎರಡನೆಯ ತಿಂಗಳಿಗೇ ಬಾಕಿ ನಿಲ್ಲುವ ಸಂಭವ ಇರುವುದರಿಂದ ಪ್ರತಿ ಘಟಕದಿಂದ ಮೂರು ತಿಂಗಳ ಹಣವನ್ನು ಮುಂಗಡವಾಗಿ ಪಡೆಯುವುದು ಅವಶ್ಯ.