ಸದ್ದಿಲ್ಲದ ಒಂದು ‘ಇಲ್ಲ’

ಮೊಬೈಲಿನಲ್ಲಿ ‘ಸೂರ್ಯ’ ಎಂದು ಟೈಪ್ ಮಾಡಿ ನೋಡಿ. ನೀವು ಒತ್ತುವುದು ಮೊದಲು ರ, ಆಮೇಲೆ ಯ. ತೆರೆಯ ಮೇಲೆ ಮೂಡುವುದು ಮೊದಲು ಯ, ಅದರ ಬಲಕ್ಕೆ ಅರ್ಕಾವೊತ್ತು. ಮೊಬೈಲಿನ ಮೆಮೊರಿಯಲ್ಲಿ ಕ್ರಮವೇನೂ ಬದಲಾಗಿರುವುದಿಲ್ಲ. ಸ, ಊಕಾರದ ಕೊಂಬು, ರ, ಹಲಂತ, ಯ ಎಂಬ ಐದು ಯೂನಿಕೋಡ್ ಸಂಖ್ಯೆಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಈ ಐದನ್ನು ಓದಿ, ಯಾವುದು ಎಲ್ಲಿ ಕೂರಬೇಕು, ಯಾವುದು ಒತ್ತಾಗಬೇಕು ಎಂದು ತೀರ್ಮಾನಿಸುವ ಕೆಲಸ ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಹಾರ್ಫ್‌ಬಜ್ ಎಂಬ ಲೈಬ್ರರಿಯದು.

ಇದು ತಾನಾಗಿ ಓಡುವ ತಂತ್ರಾಂಶವಲ್ಲ. ಬೇರೆ ತಂತ್ರಾಂಶಗಳು ಬೇಕಾದಾಗ ಕರೆದು ಕೆಲಸ ಮಾಡಿಸಿಕೊಳ್ಳುವ ಕೋಡಿನ ಗಂಟು. ಹೆಸರು ಪಾರಸಿಯಿಂದ ಬಂದದ್ದು: ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ‘ಓಪನ್‌ಟೈಪ್’ ಎಂಬ ಫಾಂಟ್ ಮಾದರಿಯ ಹೆಸರನ್ನೇ ಪಾರಸಿಗೆ ತಿರುಗಿಸಿದರೆ ಹೀಗಾಗುತ್ತದೆ. ಈಗಿನ ರೂಪದ ಮುಖ್ಯ ಕರ್ತೃ ಇರಾನ್ ಮೂಲದ ಬೆಹ್ದಾದ್ ಎಸ್ಫಹ್‌ಬೋದ್.

ಇದರ ಸೋರ್ಸ್ ಕೋಡ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದದ್ದು. ಒಂದು ಹಳೆಯ ಫಾಂಟ್ ಅರ್ಕಾವೊತ್ತನ್ನು ಎಲ್ಲೆಲ್ಲೋ ಕೂರಿಸುತ್ತಿದ್ದುದರಿಂದ, ಕಾರಣ ಹುಡುಕೋಣವೆಂದು ನಾನೂ ಒಮ್ಮೆ ಇಳಿಸಿಕೊಂಡೆ. ಫೋಲ್ಡರ್ ತೆರೆದರೆ ನೂರಾರು ಫೈಲುಗಳು, ಹೆಚ್ಚಿನವು ಸಿ ಪ್ಲಸ್ ಪ್ಲಸ್ ಭಾಷೆಯವು. ಭಾರತೀಯ ಲಿಪಿಗಳ ಒತ್ತಕ್ಷರ ನೋಡಿಕೊಳ್ಳಲೆಂದೇ ಒಂದು ಫೈಲಿದೆ. ಆದರೆ ಇವೆಲ್ಲ ಇನ್ನೂ ಬರೀ ಪಠ್ಯ. ಕಂಪೈಲರ್ ಒಂದೊಂದನ್ನೂ ಯಂತ್ರದ ಭಾಷೆಗೆ ತಿರುಗಿಸಬೇಕು, ಲಿಂಕರ್ ಆ ತುಂಡುಗಳನ್ನೆಲ್ಲ ಹೊಲಿದು ಒಂದು ಮಾಡಬೇಕು. ಹೊಲಿದು ಮುಗಿದ ಮೇಲೆ ಲಿನಕ್ಸ್‌ನಲ್ಲಿ ಒಂದು ಬಗೆಯ ಫೈಲು, ವಿಂಡೋಸ್‌ನಲ್ಲಿ ಇನ್ನೊಂದು, ಮ್ಯಾಕ್‌ನಲ್ಲಿ ಮತ್ತೊಂದು. ಯಾವ ಫೈಲನ್ನು ಸೇರಿಸಬೇಕು, ಯಾವುದು ಯಾವುದನ್ನು ನೆಚ್ಚಿಕೊಂಡಿದೆ, ಹೊರಗಿನಿಂದ ಏನೇನು ಕಡ ತರಬೇಕು ಎಂಬುದನ್ನು ಬರೆದಿಟ್ಟ ಚೀಟಿಗೆ ಪ್ರಾಜೆಕ್ಟ್ ಫೈಲ್ ಅಥವಾ ಬಿಲ್ಡ್ ಕಡತ ಎನ್ನುತ್ತಾರೆ. ಮದುವೆಯ ಅಡುಗೆ ಭಟ್ಟರು ಬರೆದುಕೊಡುವ ಸಾಮಾನಿನ ಪಟ್ಟಿ ಇದ್ದ ಹಾಗೆ. ಅದರಲ್ಲಿ ಇಂಗು ಬಿಟ್ಟುಹೋಗಿದ್ದರೆ ಗೊತ್ತಾಗುವುದು ಪಂಕ್ತಿಯಲ್ಲಿ ಕೂತವರಿಗೆ.

ಈ ಚೀಟಿ ಹುಟ್ಟಿದ್ದು ಒಂದು ಹಾಳಾದ ಬೆಳಗ್ಗೆಯಿಂದ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ತಮ್ಮ ಪ್ರೋಗ್ರಾಮಿನ ತಪ್ಪು ಹುಡುಕುತ್ತ ಬೆಳಗ್ಗೆಯೆಲ್ಲ ಕಳೆದರು. ತಪ್ಪನ್ನು ಅವರು ಆಗಲೇ ತಿದ್ದಿಯಾಗಿತ್ತು. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ಹಳೆಯ ತುಂಡೇ ಓಡುತ್ತಿತ್ತು. ಗೊಣಗುತ್ತ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ಬಂದರೆ, ಹಿಂದಿನ ಸಂಜೆ ಅವರದ್ದೂ ಅದೇ ಪಾಡಾಗಿತ್ತು. ಫೆಲ್ಡ್‌ಮನ್ ಆ ವಾರಾಂತ್ಯದಲ್ಲೇ ಬರೆದ ಸಾಧನ ‘ಮೇಕ್’.

ಅದರ ತರ್ಕ ಯಾವ ಅಜ್ಜಿಗೂ ಗೊತ್ತಿರುವಂಥದ್ದು. ಡಬ್ಬಿಯಲ್ಲಿ ಸಾರಿನಪುಡಿ ಇದ್ದರೆ ಧನಿಯ ಹುರಿಯಲು ಯಾರೂ ಕೂರುವುದಿಲ್ಲ. ಮೇಕ್ ಪ್ರತಿಯೊಂದು ಫೈಲಿನ ಹೊತ್ತು ನೋಡುತ್ತದೆ. ಸೋರ್ಸ್ ಫೈಲು ಅದರಿಂದಾದ ತುಂಡಿಗಿಂತ ಹೊಸದಾಗಿದ್ದರೆ ಅದನ್ನಷ್ಟೇ ಮತ್ತೆ ಕಂಪೈಲ್ ಮಾಡುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಈ ಸಣ್ಣ ಯೋಚನೆಗೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಬಂತು. ಒಂದು ಕಿರಿಕಿರಿಯೂ ಜತೆಗೇ ಬಂತು: ಮೇಕ್ ಕಡತದಲ್ಲಿ ಆಜ್ಞೆಯ ಸಾಲು ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕು. ಎಂಟು ಸ್ಪೇಸ್ ಹೊಡೆದರೆ ಕಣ್ಣಿಗೆ ಎರಡೂ ಒಂದೇ, ಮೇಕ್‌ಗೆ ಮಾತ್ರ ಅಪರಾಧ. ಬದಲಾಯಿಸೋಣವೆಂದು ಫೆಲ್ಡ್‌ಮನ್ ಯೋಚಿಸುವ ಹೊತ್ತಿಗೆ ಬಳಕೆದಾರರು ಹತ್ತು ಹನ್ನೆರಡು ಮಂದಿಯಾಗಿದ್ದರಂತೆ. ಅವರಿಗೇಕೆ ತೊಂದರೆ ಎಂದು ಬಿಟ್ಟುಬಿಟ್ಟರು. ಆ ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಜಗತ್ತಿನ ಪ್ರೋಗ್ರಾಮರುಗಳು ಇವತ್ತಿಗೂ ಬೆಲೆ ತೆರುತ್ತಿದ್ದಾರೆ.

ಮುಂದಿನ ತೊಡಕು ಬೇರೆ ಬೇರೆ ಯಂತ್ರಗಳದ್ದು. ಯುನಿಕ್ಸ್‌ನವರಿಗೆ ಮೇಕ್ ಕಡತ ಬೇಕು, ವಿಂಡೋಸ್‌ನವರಿಗೆ ವಿಷುಯಲ್ ಸ್ಟುಡಿಯೋದ ಪ್ರಾಜೆಕ್ಟ್ ಫೈಲ್ ಬೇಕು. ಎರಡನ್ನೂ ಕೈಯಲ್ಲೇ ಬರೆದು, ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳುವುದು ಯಾರಿಂದಾದೀತು? ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಹಣ ಕೊಟ್ಟ ಐಟಿಕೆ ಎಂಬ ವೈದ್ಯಕೀಯ ಚಿತ್ರಗಳ ಲೈಬ್ರರಿಗೆ ಇದೇ ತಾಪತ್ರಯ. 2000ದ ಸುಮಾರಿಗೆ ಕಿಟ್‌ವೇರ್ ಕಂಪನಿ ಅದಕ್ಕಾಗಿ ಸಿಮೇಕ್ ಕಟ್ಟಿತು. ಪುಸ್ತಕದ ಲೈಬ್ರರಿಯೊಂದು ಕೋಡಿನ ಲೈಬ್ರರಿಗಳಿಗೆಲ್ಲ ಉಪಕಾರ ಮಾಡಿದ ಅಪರೂಪದ ಸಂದರ್ಭ ಇದು. ಸಿಮೇಕ್ ತಾನೇ ಏನನ್ನೂ ಕಂಪೈಲ್ ಮಾಡುವುದಿಲ್ಲ. ಒಂದು ವಿವರಣೆ ಓದಿ, ಆಯಾ ಯಂತ್ರಕ್ಕೆ ಬೇಕಾದ ಪ್ರಾಜೆಕ್ಟ್ ಫೈಲುಗಳನ್ನು ಬರೆದುಕೊಡುತ್ತದೆ. ಫಿನ್ಲೆಂಡಿನ ಯುಸ್ಸಿ ಪಕ್ಕನೆನ್ 2013ರಲ್ಲಿ ಹೊರತಂದ ಮೆಸನ್ ಕೂಡ ಇದೇ ಜಾತಿಯದು. ಹಾರ್ಫ್‌ಬಜ್ ಬಳಸುವುದು ಮೆಸನ್ ಅನ್ನು.

ಹಾಗಾಗಿ ನಾನೂ ಮೆಸನ್‌ಗೆ ಸೆಟಪ್ ಆಜ್ಞೆ ಕೊಟ್ಟೆ. ತೆರೆಯ ಮೇಲೆ ಸಾಲುಸಾಲು ಓಡಿತು: ಕಂಪೈಲರ್ ಸಿಕ್ಕಿತೇ? ಹೌದು. ಫ್ರೀಟೈಪ್ ಸಿಕ್ಕಿತೇ? ಹೌದು. ಕೈರೋ? ಇಲ್ಲ. ಕೊನೆಯಲ್ಲಿ ಎಲ್ಲ ಸುಸೂತ್ರ ಎಂಬ ಭಾವ. ಬಿಲ್ಡ್, ಅಂದರೆ ಕಟ್ಟುವ ಕೆಲಸ, ಮುಗಿಯಿತು, ಒಂದೂ ಕೆಂಪು ಅಕ್ಷರವಿಲ್ಲ. ಆದರೆ ಫಾಂಟಿನ ಅಕ್ಷರಗಳನ್ನು ಚಿತ್ರವಾಗಿ ಬಿಡಿಸಿ ತೋರಿಸುವ ‘ಎಚ್‌ಬಿ ವ್ಯೂ’ ಎಂಬ ಸಲಕರಣೆ, ನನಗೆ ಬೇಕಿದ್ದದ್ದೇ ಅದು, ಎಲ್ಲೂ ಇಲ್ಲ. ಅರ್ಧ ದಿನ ನನ್ನನ್ನೇ ಬೈದುಕೊಂಡೆ. ಚಿತ್ರ ಬಿಡಿಸಲು ಅದಕ್ಕೆ ಕೈರೋ ಎಂಬ ಇನ್ನೊಂದು ಲೈಬ್ರರಿ ಬೇಕು. ಪ್ರಾಜೆಕ್ಟ್ ಫೈಲಿನಲ್ಲಿ ಅದರ ಎದುರು ‘ಆಟೋ’ ಎಂದಿತ್ತು, ಅಂದರೆ ಸಿಕ್ಕರೆ ಸೇರಿಸು, ಸಿಗದಿದ್ದರೆ ಸುಮ್ಮನೆ ಮುಂದೆ ಹೋಗು. ತಮಾಷೆಯೆಂದರೆ ನನ್ನ ಉಬುಂಟುವಿನಲ್ಲಿ ಕೈರೋ ಇತ್ತು. ಓಡಿಸಲು ಬೇಕಾದ ಭಾಗವಿತ್ತು, ಕಟ್ಟಲು ಬೇಕಾದ ಹೆಡರ್ ಫೈಲುಗಳಿರಲಿಲ್ಲ. ಅವು ‘ಡೆವ್’ ಎಂದು ಕೊನೆಯಾಗುವ ಬೇರೆ ಪ್ಯಾಕೇಜಿನಲ್ಲಿ ಬರುತ್ತವೆ. ಲಿನಕ್ಸ್‌ನಲ್ಲಿ ಹೊಸಬರು ಎಡವುವ ಹೊಸ್ತಿಲು ಇದೇ.

ನನ್ನದು ಅರ್ಧ ದಿನದ ನಷ್ಟ. ಇಂಥದ್ದೇ ಸದ್ದಿಲ್ಲದ ‘ಇಲ್ಲ’ವನ್ನು ಯಾರಾದರೂ ಬೇಕೆಂದೇ ಇಟ್ಟರೆ?

2024ರಲ್ಲಿ ಇಟ್ಟರು. ಎಕ್ಸ್‌ಜೆಡ್ ಎಂಬುದು ಫೈಲುಗಳನ್ನು ಕುಗ್ಗಿಸುವ ಲೈಬ್ರರಿ, ಲಿನಕ್ಸ್ ಇರುವ ಬಹುತೇಕ ಕಡೆ ಇದೆ. ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕಸ್ಥನಂತೆ ದುಡಿದು ಒಳಹೊಕ್ಕ ವ್ಯಕ್ತಿಯೊಬ್ಬ ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಕೊರೆದ. ಲೈಬ್ರರಿಯ ಸೋರ್ಸ್ ಕೋಡ್ ಓದಿದವರಿಗೆ ಅದು ಕಾಣುತ್ತಿರಲಿಲ್ಲ. ವಿಷವನ್ನು ಪರೀಕ್ಷೆಗೆಂದು ಇಟ್ಟ ‘ಕೆಟ್ಟ’ ಫೈಲುಗಳೊಳಗೆ ಮುಚ್ಚಿಟ್ಟು, ಅದನ್ನು ಹೊರತೆಗೆದು ಬೆರೆಸುವ ಆಜ್ಞೆಯನ್ನು ಬಿಲ್ಡ್ ಕಡತದಲ್ಲಿ ಬರೆದಿದ್ದ. ಆ ಕಡತವೂ ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ, ಬಿಡುಗಡೆಯ ಮೂಟೆಯಲ್ಲಿ ಮಾತ್ರ ಇತ್ತು. ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜಾಗಿ ಕಟ್ಟುತ್ತಿದ್ದಾರೆಯೇ ಎಂದು ಅದು ಮೊದಲು ಇಣುಕಿ ನೋಡುತ್ತಿತ್ತು. ಅಲ್ಲವೆಂದರೆ ಸಾಧುವಿನಂತೆ ಸುಮ್ಮನಿರುತ್ತಿತ್ತು.

ಕೆಲವು ಲಿನಕ್ಸ್‌ಗಳಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸೇವೆ ಸುತ್ತುಬಳಸಿ ಇದೇ ಲೈಬ್ರರಿಯನ್ನು ಎಳೆದುಕೊಳ್ಳುತ್ತಿತ್ತು, ಗುರಿ ಅದೇ ಆಗಿತ್ತು. ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಇಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಮಾರ್ಚ್ 29ರಂದು ಗುಟ್ಟು ರಟ್ಟು ಮಾಡಿದರು.

ನನ್ನ ಮೈ ಜುಮ್ಮೆನ್ನಿಸಿದ್ದು ಆಮೇಲೆ ಸಿಕ್ಕ ಒಂದು ಚುಕ್ಕೆ. ಲಿನಕ್ಸ್ ಕರ್ನಲ್‌ನಲ್ಲಿ ಲ್ಯಾಂಡ್‌ಲಾಕ್ ಎಂಬ ಕಾವಲಿನ ಏರ್ಪಾಡಿದೆ. ಅದು ಈ ಯಂತ್ರದಲ್ಲಿ ಇದೆಯೇ ಎಂದು ತಿಳಿಯಲು ಎಕ್ಸ್‌ಜೆಡ್‌ನ ಸಿಮೇಕ್ ಕಡತ ಒಂದು ಪುಟ್ಟ ಪ್ರೋಗ್ರಾಮನ್ನು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ಇದೆ, ಆಗದಿದ್ದರೆ ಇಲ್ಲ. ಆ ಪುಟ್ಟ ಪ್ರೋಗ್ರಾಮಿನ ನಡುವೆ, ಸಾಲಿನ ಮೊದಲಲ್ಲಿ, ಒಂಟಿ ಪೂರ್ಣವಿರಾಮವೊಂದು ಕೂತಿತ್ತು. ವ್ಯಾಕರಣ ಕೆಟ್ಟ ಮೇಲೆ ಕಂಪೈಲ್ ಆಗುವುದಾದರೂ ಹೇಗೆ? ಯಾವ ಯಂತ್ರದಲ್ಲಿ ಕೇಳಿದರೂ ಉತ್ತರ ‘ಇಲ್ಲ’. ಬಿಲ್ಡ್ ಮಾತ್ರ ಎಂದಿನಂತೆ ಸುಸೂತ್ರ, ಕಾವಲುಗಾರನಿಗೆ ರಜೆ. ಗುಟ್ಟು ರಟ್ಟಾದ ಮರುದಿನ ಎಕ್ಸ್‌ಜೆಡ್‌ನ ಮೂಲ ಕರ್ತೃ ಲಾಸ್ಸೆ ಕಾಲಿನ್ ಆ ಚುಕ್ಕೆಯನ್ನು ಕಿತ್ತರು.

ಕೋಡ್ ಓದುವುದನ್ನು ಕಲಿಸುವ ನಮ್ಮ ಇಂಜಿನಿಯರಿಂಗ್ ಪಾಠಗಳು ಬಿಲ್ಡ್ ಕಡತ ಓದುವುದನ್ನು ಅಷ್ಟಾಗಿ ಕಲಿಸುವುದಿಲ್ಲ. ಅದು ನಕಲು ಮಾಡಿ ಅಂಟಿಸುವ ವಸ್ತು ಎಂದೇ ಎಲ್ಲರ ಎಣಿಕೆ. ಹಾಗಾಗಿ ಮುಂದಿನ ಸಲ ಯಾವುದಾದರೂ ಲೈಬ್ರರಿಯನ್ನು ಕಟ್ಟುವಾಗ, ತೆರೆಯ ಮೇಲೆ ಓಡುವ ‘ಹೌದು–ಇಲ್ಲ’ಗಳ ಸಾಲನ್ನು ಒಮ್ಮೆ ನಿಂತು ಓದಿ. ನಿಮಗೆ ನಿಜವಾಗಿ ಬೇಕಾದ ಆಯ್ಕೆಯ ಎದುರು ‘ಆಟೋ’ ಅಳಿಸಿ ‘ಎನೇಬಲ್ಡ್’ ಎಂದು ಬರೆಯಿರಿ. ಆಗ ಅದು ಸಿಗದಿದ್ದರೆ ಮೆಸನ್ ಕೂಗಿಕೊಂಡು ಅಲ್ಲೇ ನಿಲ್ಲುತ್ತದೆ.