ಮುಳಿಹುಲ್ಲಿನ ಗುಡ್ಡೆ ಬಂಜರಲ್ಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗುಡ್ಡೆಗಳನ್ನು ಇವತ್ತು ರಬ್ಬರ್, ಗೇರು, ಅಕೇಶಿಯಾ ಮುಚ್ಚಿವೆ. ಎರಡು ತಲೆಮಾರಿನ ಹಿಂದೆ ಇವುಗಳಲ್ಲಿ ಎಷ್ಟೋ ಗುಡ್ಡೆಗಳ ಮೇಲೆ ಮುಳಿಹುಲ್ಲು ಬೆಳೆದು ನಿಲ್ಲುತ್ತಿತ್ತು. ಮಳೆಗಾಲ ಕಳೆದು ಹುಲ್ಲು ತೆನೆ ಬಿಟ್ಟು ಒಣಗಿದ ಮೇಲೆ ಅದನ್ನು ಕೊಯ್ದು, ಸೂಡಿ ಕಟ್ಟಿ, ತಲೆಹೊರೆಯಲ್ಲಿ ತಂದು ಮನೆಯ ಮಾಡಿಗೆ ಹೊದೆಸುತ್ತಿದ್ದರು. ಕೃಷಿ ಜಮೀನಿಗೆ ತಾಗಿದ ಸರ್ಕಾರಿ ನೆಲವಾದ ಕುಮ್ಕಿ ಜಾಗದಲ್ಲಿ ಸೊಪ್ಪು, ಹುಲ್ಲು ಕೊಯ್ಯುವ ಹಕ್ಕು ಕೃಷಿಕರಿಗಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಹಂಚಿನ ಮಾಡು ಕ್ರಮೇಣ ಬಡವರ ಮನೆಗೂ ಬಂದಾಗ ಮುಳಿಯ ಬೆಲೆ ಇಳಿಯಿತು, ಬೆಲೆಯಿಲ್ಲದ ಹುಲ್ಲು ಬೆಳೆಯುವ ನೆಲಕ್ಕೆ ಬಂಜರು ಎಂಬ ಹೆಸರು ಬಂತು.

ಈ ನೆಲದ ಗುಟ್ಟು ಇರುವುದು ಮುರಕಲ್ಲಿನಲ್ಲಿ. 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನೇ ಆ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮುರಕಲ್ಲಿನ ಒಳಗಿನ ತೂತುಗಳಲ್ಲಿ ನೀರು ಇಳಿಯುತ್ತದೆ. ಗಟ್ಟಿ ಪದವಿನ ಮೇಲೆ, ಕೈಬೆರಳಿನಷ್ಟೂ ಮಣ್ಣಿಲ್ಲದ ಕಡೆ, ಅದೇ ನೀರು ತೆಳ್ಳಗೆ ನಿಂತು ಕೆಲವು ತಿಂಗಳ ಜೌಗು ಆಗುತ್ತದೆ. ಅಲ್ಲಿ ಸಾರಜನಕ ಕಡಿಮೆ. ಹಾಗಾಗಿ ಯುಟ್ರಿಕ್ಯುಲೇರಿಯದಂಥ ಕೀಟಾಹಾರಿ ಗಿಡಗಳು ನೆಲೆಸಿವೆ. ಇವುಗಳ ನೇರಳೆ ಹೂವು ಅಂಗೈ ಎತ್ತರದಲ್ಲಿ ಅರಳಿದರೆ, ಬುಡದ ಪುಟ್ಟ ಚೀಲಗಳು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಬೇಗ ನೀರಿನ ಜೊತೆ ಜೀವಿಗಳನ್ನು ಒಳಗೆಳೆದುಕೊಳ್ಳುತ್ತವೆ. 2016ರಲ್ಲಿ ಮಣಿಪಾಲದ ಸುತ್ತಿನ ಮುರಕಲ್ಲಿನ ನೆಲದಿಂದ ಮೈಕ್ರೊಹೈಲಾ ಲ್ಯಾಟರೈಟ್ ಎಂಬ, ಎರಡು ಸೆಂಟಿಮೀಟರೂ ಇಲ್ಲದ ಕಪ್ಪೆ ವಿಜ್ಞಾನಕ್ಕೆ ಹೊಸದಾಗಿ ಸೇರಿತು.  ಬಂಜರೆಂದು ನಾವು ಕರೆದ ಕಡೆ ಇಷ್ಟು ಜೀವವಿದೆ!

ಇಂಥ ಗುಡ್ಡೆಗಳ ಮೇಲೆ 1980ರ ದಶಕದಿಂದ ಹಸಿರೀಕರಣದ ಹೆಸರಿನಲ್ಲಿ ಅಕೇಶಿಯಾ ನೆಟ್ಟೆವು. ಉದ್ದೇಶ ಒಳ್ಳೆಯದೇ, ಆರಿಸಿದ ಜಾಗ ತಪ್ಪು. ಮಳೆ ನಿಂತ ಮೇಲೆ ಮುಳಿ ಒಣಗುತ್ತದೆ, ನೀರು ಕೇಳುವುದಿಲ್ಲ. ಆಸ್ಟ್ರೇಲಿಯದಿಂದ ಬಂದ ಅಕೇಶಿಯಾ ಮಾರ್ಚ್, ಏಪ್ರಿಲಿನಲ್ಲೂ ಹಸಿರಾಗಿದ್ದು ನೆಲದ ತೇವವನ್ನು ಆವಿಯಾಗಿ ಬಿಡುತ್ತಲೇ ಇರುತ್ತದೆ. ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಸಿ ಮಣ್ಣಿನ ಗುಣವನ್ನೂ ಬದಲಿಸುತ್ತದೆ. ಮರ ಕಡಿದರೂ ಅದರ ಬೀಜ ಮಣ್ಣಿನಲ್ಲಿ ಉಳಿದಿರುತ್ತದೆ. ಬಿಸಿಲು ಬಿದ್ದ ಕಡೆ ಮೊದಲು ಏಳುವುದು ಕಮ್ಯುನಿಸ್ಟ್ ಗಿಡವೆಂಬ ಕಳೆ, ಮುಳಿಯಲ್ಲ.

ಆದ್ದರಿಂದ ಹುಲ್ಲುಗಾವಲನ್ನು ಮರಳಿ ತರುವುದು ಗಿಡ ನೆಡುವುದಕ್ಕಿಂತ ಕಷ್ಟದ ಕೆಲಸ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1930ರ ದಶಕದಲ್ಲಿ ಹಳೆಯ ಹೊಲವೊಂದನ್ನು ಪ್ರೈರಿ ಎಂಬ ಎತ್ತರದ ಹುಲ್ಲಿನ ಬಯಲಾಗಿಸಲು ಹೊರಟರು. ಬೀಜ ಬಿತ್ತಿದರೆ ಸಾಲದು, ಪೊದೆಗಳನ್ನು ತಡೆಯಲು ಆಗಾಗ ಬೆಂಕಿಯೂ ಬೇಕು ಎಂದು ಅವರು ಅಲ್ಲೇ ಕಲಿತರು. ನಮ್ಮ ತಗ್ಗಿನ ಗುಡ್ಡೆಗಳಲ್ಲಿ ಪೊದೆಗಳನ್ನು ತಡೆಯುತ್ತಿದ್ದದ್ದು ಮುಖ್ಯವಾಗಿ ಕತ್ತಿ ಮತ್ತು ದನದ ಬಾಯಿ. ಬೆಳ್ತಂಗಡಿಯ ಮೂಡಲಿಗೆ ಕಾಣುವ ಕುದುರೆಮುಖದ ಎತ್ತರದ ಹುಲ್ಲುಗಾವಲು ಬೇರೆ ಬಗೆಯದು. ಕಣಿವೆಗಳ ಶೋಲಾ ಕಾಡಿನೊಡನೆ ತಾನಾಗಿಯೇ ಉಳಿದು ಬಂದದ್ದು. 1987ರಿಂದ ಅದು ರಾಷ್ಟ್ರೀಯ ಉದ್ಯಾನ, ನೇತ್ರಾವತಿ ನದಿಯ ಹುಟ್ಟೂ ಆ ಸಾಲಿನಲ್ಲೇ. ತಗ್ಗಿನ ಗುಡ್ಡೆಗೆ ಅಂಥ ರಕ್ಷಣೆ ಯಾವುದೂ ಇಲ್ಲ. ಉಳಿದ ತುಣುಕುಗಳಿಂದ ತೆನೆ ಬಲಿತಾಗ ಬೀಜ ಕೂಡಿಟ್ಟು, ಅಕೇಶಿಯಾದ ಸಸಿಗಳನ್ನು ವರ್ಷ ವರ್ಷ ಕಿತ್ತು, ಬೀಜ ಉದುರಿದ ಮೇಲೆಯೇ ಹುಲ್ಲು ಕೊಯ್ದರೆ ಮುಳಿ ಬಂದೀತು.

ಜೊತೆಗೆ ಮದಕಗಳೂ ಮರಳಬೇಕು. ಗುಡ್ಡೆಗಳ ನಡುವಿನ ತಗ್ಗಿಗೆ ಅಡ್ಡಲಾಗಿ ಮಣ್ಣಿನ ದಂಡೆ ಕಟ್ಟಿ ಮಳೆನೀರು ನಿಲ್ಲಿಸುತ್ತಿದ್ದ ಈ ಹೊಂಡಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ಬಹಳ ಬರೆದಿದ್ದಾರೆ. ಮದಕದಲ್ಲಿ ಇಂಗಿದ ನೀರು ಕೆಳಗಿನ ಬಾವಿಗೆ, ತೋಟಕ್ಕೆ, ಬೈಲಿಗೆ ಸಿಗುತ್ತದೆ. ಹದಿನೆಂಟು ಬಸದಿ, ಹದಿನೆಂಟು ಕೆರೆಗಳ ಊರೆಂದು ಹೆಸರಾದ ಮೂಡುಬಿದಿರೆಯವರಿಗೆ ನೀರಿನ ಈ ಲೆಕ್ಕ ಬೇರೆಯವರು ಹೇಳಿಕೊಡಬೇಕಿಲ್ಲ.

ಮುಂದಿನ ವನಮಹೋತ್ಸವಕ್ಕೆ ನಿಮ್ಮ ಪಂಚಾಯಿತಿ ಗುಂಡಿ ತೋಡಲು ಹೊರಟರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ: ಈ ಗುಡ್ಡೆಯಲ್ಲಿ ಹುಲ್ಲಿದೆಯೇ, ಮದಕ ಇತ್ತೇ? ಇದ್ದರೆ ಆ ಹಣದಿಂದ ಮೊದಲು ಮದಕದ ಹೂಳು ತೆಗೆಸಿ, ಸಸಿಗಳನ್ನು ರಸ್ತೆ ಬದಿಗೆ, ಶಾಲೆಯ ಅಂಗಳಕ್ಕೆ ಕೊಡಿ.